ಲಿಥಿಯಂ ಕೆಳಗೆ ಸೋಡಿಯಂ: ಆವರ್ತಕ ಕೋಷ್ಟಕವನ್ನು ಓದುವ ಬಗೆ

ಕೆಲವು ವರ್ಷಗಳಿಂದ ಲಿಥಿಯಂ ಎನ್ನುವ ಹೆಸರು ಎಲ್ಲರ ಬಾಯಲ್ಲೂ ಇದೆ. ಫೋನಿನ ಬ್ಯಾಟರಿಯಲ್ಲಿ ಅದೇ, ಎಲೆಕ್ಟ್ರಿಕ್ ಸ್ಕೂಟರಿನಲ್ಲೂ ಅದೇ. ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದು ಎಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದಾಗ ನಮ್ಮಲ್ಲೂ ಅದು ದೊಡ್ಡ ಸುದ್ದಿಯಾಯಿತು. 2025ರಲ್ಲಿ ಇನ್ನೊಂದು ಸುದ್ದಿ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ ಬ್ಯಾಟರಿ ರೂಪಿಸಿದ್ದರು. ಅದರಲ್ಲಿದ್ದದ್ದು ಲಿಥಿಯಂ ಅಲ್ಲ, ಸೋಡಿಯಂ. ನಮ್ಮ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ.

ನೂರಕ್ಕೂ ಹೆಚ್ಚು ಧಾತುಗಳಿರುವಾಗ ವಿಜ್ಞಾನಿಗಳು ಲಿಥಿಯಂ ಬದಲಿಗೆ ಸೋಡಿಯಂಗೇ ಯಾಕೆ ಕೈ ಹಾಕಿದರು? ಉತ್ತರ ನಮ್ಮ ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲೇ ಇತ್ತು. ಆವರ್ತಕ ಕೋಷ್ಟಕದಲ್ಲಿ ಲಿಥಿಯಂನ ಸರಿಯಾಗಿ ಕೆಳಗಿನ ಚೌಕದಲ್ಲಿ ಇರುವುದು ಸೋಡಿಯಂ. ಅದರ ಕೆಳಗೆ ಪೊಟ್ಯಾಸಿಯಂ.

ಈ ಕೋಷ್ಟಕವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಟ್ಟವರೇ ನಮ್ಮಲ್ಲಿ ಜಾಸ್ತಿ. ಆದರೆ ಅದರಲ್ಲಿ ಬಾಯಿಪಾಠ ಮಾಡಬೇಕಾದದ್ದು ತುಂಬ ಕಡಿಮೆ. ಪರಮಾಣು ತನ್ನ ಅತಿ ಹೊರಗಿನ ಎಲೆಕ್ಟ್ರಾನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎನ್ನುವ ಒಂದು ಪ್ರಶ್ನೆ ಕೇಳಿದರೆ ಸಾಕು, ಉಳಿದ ಬಹುಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

## ಒಂದೊಂದು ಚೌಕದಲ್ಲಿ ಏನಿದೆ?

ಒಂದೇ ಬಗೆಯ ಪರಮಾಣುಗಳಿಂದ ಆದ ವಸ್ತುವಿಗೆ ಮೂಲಧಾತು ಅಥವಾ ಸುಮ್ನೆ ಧಾತು ಎನ್ನುತ್ತಾರೆ. ಚಿನ್ನ, ತಾಮ್ರ, ಗಂಧಕ, ಆಕ್ಸಿಜನ್ ಇವೆಲ್ಲ ಧಾತುಗಳು. ನೀರು ಧಾತುವಲ್ಲ, ಅದರಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡೂ ಇವೆ. ಇಲ್ಲಿಯವರೆಗೆ ಗೊತ್ತಾಗಿರುವ ಧಾತುಗಳು ಒಟ್ಟು 118.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರೊಳಗೆ ಪ್ರೋಟಾನ್‌ಗಳಿವೆ, ಅವಕ್ಕೆ ಧನ ವಿದ್ಯುದಂಶ. ಸುತ್ತಲೂ ಎಲೆಕ್ಟ್ರಾನ್‌ಗಳಿವೆ, ಅವಕ್ಕೆ ಋಣ ವಿದ್ಯುದಂಶ. ಧನ–ಋಣ ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಎಲೆಕ್ಟ್ರಾನ್‌ಗಳು ಬಿಟ್ಟು ಹೋಗುವುದಿಲ್ಲ. ಎಷ್ಟು ಪ್ರೋಟಾನ್ ಇದೆ ಎನ್ನುವುದೇ ಪರಮಾಣು ಸಂಖ್ಯೆ. ಧಾತು ಯಾವುದು ಎಂದು ತೀರ್ಮಾನಿಸುವುದು ಅದೇ. ಪ್ರೋಟಾನ್ 3 ಇದ್ದರೆ ಲಿಥಿಯಂ, 11 ಇದ್ದರೆ ಸೋಡಿಯಂ, 79 ಇದ್ದರೆ ಚಿನ್ನ.

ಕೋಷ್ಟಕದಲ್ಲಿ ಧಾತುಗಳನ್ನು ಈ ಸಂಖ್ಯೆಯ ಕ್ರಮದಲ್ಲೇ ಎಡದಿಂದ ಬಲಕ್ಕೆ ಬರೆದಿದ್ದಾರೆ. ಅಡ್ಡ ಸಾಲಿಗೆ ಆವರ್ತ ಎಂದು ಹೆಸರು, ಅಂಥವು 7. ಕಂಬ ಸಾಲಿಗೆ ಗುಂಪು ಎಂದು ಹೆಸರು, ಅಂಥವು 18. ಸಾಲುಗಳು ಒಂದೇ ಉದ್ದ ಇಲ್ಲ. ಮೊದಲ ಸಾಲಿನಲ್ಲಿ ಎರಡೇ ಧಾತು. ಆಮೇಲೆ 8, 8, 18, 18, 32, 32. ಕೊನೆಯ ಎರಡು ಸಾಲುಗಳನ್ನು ಪೂರ್ತಿ ಬಿಡಿಸಿದರೆ ಹಾಳೆ ಸಾಲದು. ಹಾಗಾಗಿ ಅವುಗಳ ಒಂದೊಂದು ತುಂಡನ್ನು ಕತ್ತರಿಸಿ ಕೆಳಗೆ ಬೇರೆಯಾಗಿ ಇಡುತ್ತಾರೆ. ಆ ಎರಡು ಪಟ್ಟಿಗಳು ಯಾಕೆ ಬೇರೆ ಕೂತಿವೆ ಎಂದು ಅನೇಕರಿಗೆ ಗೊಂದಲ ಇರುತ್ತದೆ. ಕಾರಣ ಇಷ್ಟೇ, ಜಾಗದ ಅಭಾವ.

## ಖಾಲಿ ಬಿಟ್ಟ ಮನೆಗಳು

ಎಲೆಕ್ಟ್ರಾನ್ ಎನ್ನುವುದೊಂದು ಇದೆ ಎಂದು ಗೊತ್ತಾಗುವ ಮೊದಲೇ ಈ ಕೋಷ್ಟಕ ಸಿದ್ಧವಾಗಿತ್ತು. ಅದೇ ಆಶ್ಚರ್ಯ.

19ನೇ ಶತಮಾನದ ರಸಾಯನ ವಿಜ್ಞಾನಿಗಳ ಕೈಯಲ್ಲಿ ಇದ್ದದ್ದು ಪರಮಾಣುಗಳ ತೂಕ ಮತ್ತು ಗುಣ, ಅಷ್ಟೇ. ಜರ್ಮನಿಯ ಡೋಬರೈನರ್ ಒಂದು ಚೋದ್ಯ ಗಮನಿಸಿದರು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರರ ಗುಣವೂ ಒಂದೇ ಥರ. ತೂಕ ಕ್ರಮವಾಗಿ 7, 23, 39. ಮೊದಲನೆಯದು ಮತ್ತು ಕೊನೆಯದನ್ನು ಕೂಡಿಸಿ ಅರ್ಧ ಮಾಡಿದರೆ ಸರಿಯಾಗಿ 23! ಇಂಥ ಇನ್ನೂ ಕೆಲವು ತ್ರಿವಳಿಗಳು ಸಿಕ್ಕವು. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ ಪ್ರತಿ ಎಂಟನೇ ಧಾತುವಿಗೆ ಗುಣ ಮರುಕಳಿಸುತ್ತದೆ ಎಂದರು. 1866ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅದನ್ನು ಮಂಡಿಸಿದಾಗ, ಅಕಾರಾದಿಯಾಗಿ ಜೋಡಿಸಿ ನೋಡಿದ್ದೀರಾ ಎಂದು ಒಬ್ಬರು ಗೇಲಿ ಮಾಡಿದರಂತೆ.

1869ರಲ್ಲಿ ರಷ್ಯಾದ ದ್ಮಿತ್ರಿ ಮೆಂಡಲೀವ್ ಆಗ ಗೊತ್ತಿದ್ದ 63 ಧಾತುಗಳನ್ನು ಜೋಡಿಸಿದರು. ಅವರ ಧೈರ್ಯ ಇದ್ದದ್ದು ಜೋಡಿಸಿದ್ದರಲ್ಲಿ ಅಲ್ಲ, ಜೋಡಿಸದೆ ಬಿಟ್ಟದ್ದರಲ್ಲಿ. ಗುಣ ಹೊಂದದ ಕಡೆ ಅವರು ಮುಂದಿನ ಧಾತುವನ್ನು ಒತ್ತಾಯದಿಂದ ತುರುಕಲಿಲ್ಲ. ಮನೆಯನ್ನು ಖಾಲಿ ಬಿಟ್ಟು, ಇಲ್ಲಿಗೆ ಬರಬೇಕಾದವನು ಇನ್ನೂ ಸಿಕ್ಕಿಲ್ಲ ಎಂದರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಏಕ-ಅಲ್ಯೂಮಿನಿಯಂ ಎಂಬ ತಾತ್ಕಾಲಿಕ ಹೆಸರಿಟ್ಟು, ಅದರ ಸಾಂದ್ರತೆ 5.9ರಷ್ಟು ಇರಬೇಕು ಎಂದು ಬರೆದರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಆ ಧಾತುವನ್ನು ಕಂಡುಹಿಡಿದು ಗ್ಯಾಲಿಯಂ ಎಂದು ಕರೆದರು. ಅವರ ಅಳತೆಯಲ್ಲಿ ಸಾಂದ್ರತೆ 4.7 ಬಂತು. ಮೆಂಡಲೀವ್ ಆ ಧಾತುವನ್ನು ಕಣ್ಣಿಂದಲೂ ನೋಡಿರಲಿಲ್ಲ. ಆದರೂ ಅಳತೆ ತಪ್ಪಿದೆ, ಶುದ್ಧ ಮಾಡಿ ಮತ್ತೆ ನೋಡಿ ಎಂದು ಹೇಳಿಕಳಿಸಿದರು. ಮತ್ತೆ ನೋಡಿದಾಗ 5.9 ಬಂತು.

ಒಂದು ತೊಡಕು ಮಾತ್ರ ಉಳಿದಿತ್ತು. ತೂಕದ ಪ್ರಕಾರ ಜೋಡಿಸಿದರೆ ಅಯೋಡಿನ್ ಮೊದಲು, ಟೆಲ್ಯೂರಿಯಂ ಆಮೇಲೆ ಬರಬೇಕು. ಗುಣ ನೋಡಿದರೆ ತಿರುವುಮುರುವು. ಮೆಂಡಲೀವ್ ಗುಣವನ್ನೇ ನಂಬಿದರು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳನ್ನು ಬಳಸಿ, ನಿಜವಾದ ಕ್ರಮಸಂಖ್ಯೆ ತೂಕವಲ್ಲ, ನ್ಯೂಕ್ಲಿಯಸ್‌ನ ಧನ ವಿದ್ಯುದಂಶ ಎಂದು ತೋರಿಸಿದರು. ಟೆಲ್ಯೂರಿಯಂ 52, ಅಯೋಡಿನ್ 53. ಜಗಳ ಮುಗಿಯಿತು. ಮೋಸ್ಲಿ ಎರಡು ವರ್ಷದ ನಂತರ ಗಲಿಪೊಲಿ ಯುದ್ಧದಲ್ಲಿ ಸತ್ತರು. ಆಗ ಅವರಿಗೆ 27 ವರ್ಷ.

## ಗುಣ ಮರುಕಳಿಸುವುದು ಯಾಕೆ?

ಬಯಲಿನಲ್ಲಿ ಯಕ್ಷಗಾನದ ಆಟ ನಡೆಯುತ್ತಿದೆ ಎಂದುಕೊಳ್ಳಿ. ರಂಗಸ್ಥಳವೇ ನ್ಯೂಕ್ಲಿಯಸ್. ಎದುರಿಗೆ ಸಾಲು ಸಾಲು ಕುರ್ಚಿ. ಮೊದಲ ಸಾಲಿನಲ್ಲಿ ಎರಡೇ ಕುರ್ಚಿ, ಎರಡನೆಯದರಲ್ಲಿ ಎಂಟು. ಜನ ಬಂದ ಹಾಗೆ ಮುಂದಿನ ಸಾಲು ತುಂಬಿ, ಆಮೇಲೆ ಹಿಂದಿನ ಸಾಲು ಶುರುವಾಗುತ್ತದೆ. ಜನರೇ ಎಲೆಕ್ಟ್ರಾನ್‌ಗಳು.

ಮುಂದೆ ಕೂತವರಿಗೆ ಆಟ ಚೆನ್ನಾಗಿ ಕಾಣುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಹಿಂದಿನ ಸಾಲಿನವರಿಗೆ ರಂಗಸ್ಥಳ ದೂರ. ಸಾಲದ್ದಕ್ಕೆ ಮುಂದಿನವರ ತಲೆಗಳು ಅಡ್ಡ. ಅಂಥವರು ನಡುರಾತ್ರಿಗೇ ಎದ್ದು ಮನೆಗೆ ಹೋಗುತ್ತಾರೆ. ಪರಮಾಣುವಿನಲ್ಲೂ ಒಳಗಿನ ಎಲೆಕ್ಟ್ರಾನ್‌ಗಳು ಹೊರಗಿನದಕ್ಕೆ ಹೀಗೆ ಅಡ್ಡ ಬರುತ್ತವೆ, ನ್ಯೂಕ್ಲಿಯಸ್‌ನ ಎಳೆತವನ್ನು ತಗ್ಗಿಸುತ್ತವೆ. ನಿಜಕ್ಕೂ ಎಲೆಕ್ಟ್ರಾನ್ ಇಂಥ ಜಾಗದಲ್ಲೇ ಇದೆ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಆದರೆ ನಮ್ಮ ಕೆಲಸಕ್ಕೆ ಈ ಚಿತ್ರ ಸಾಕು.

ಈಗ ಲಿಥಿಯಂ ನೋಡಿ. ಅದರ 3 ಎಲೆಕ್ಟ್ರಾನ್‌ಗಳಲ್ಲಿ ಎರಡು ಮೊದಲ ಸಾಲಿನಲ್ಲಿ, ಒಂದು ಎರಡನೆಯದರಲ್ಲಿ. ಸೋಡಿಯಂನ 11ರಲ್ಲಿ 2, 8, ಆಮೇಲೆ 1. ಪೊಟ್ಯಾಸಿಯಂನ 19ರಲ್ಲಿ 2, 8, 8, ಆಮೇಲೆ 1. ಮೂರರಲ್ಲೂ ಕಟ್ಟಕಡೆಯ ಸಾಲಿನಲ್ಲಿ ಒಂಟಿ ಎಲೆಕ್ಟ್ರಾನ್. ಬೇರೆ ಧಾತುಗಳೊಡನೆ ಕೊಡು–ಕೊಳ್ಳು ವ್ಯವಹಾರ ನಡೆಸುವುದು ಮುಖ್ಯವಾಗಿ ಈ ಕಡೆಯ ಸಾಲಿನವರೇ. ಕಡೆಯ ಸಾಲು ಒಂದೇ ಥರ ಇದ್ದರೆ ಗುಣವೂ ಒಂದೇ ಥರ. ಗುಂಪು ಎಂದರೆ ಇದೇ. ಡೋಬರೈನರ್ ಕಂಡ ತ್ರಿವಳಿಯ ಗುಟ್ಟೂ ಇದೇ.

## ಕೆಳಗೆ ಇಳಿದಾಗ

ಒಂದೇ ಗುಂಪಿನಲ್ಲಿ ಕೆಳಗೆ ಹೋದ ಹಾಗೆ ಪ್ರತಿ ಹೆಜ್ಜೆಗೂ ಒಂದು ಸಾಲು ಹೆಚ್ಚಾಗುತ್ತದೆ. ಪರಮಾಣು ದೊಡ್ಡದಾಗಲೇಬೇಕು. ಲಿಥಿಯಂ ಪರಮಾಣುವಿನ ತ್ರಿಜ್ಯ ಸುಮಾರು 152 ಪಿಕೋಮೀಟರ್, ಸೋಡಿಯಂನದು 186, ಪೊಟ್ಯಾಸಿಯಂನದು 227, ಸೀಸಿಯಂನದು 265. ಒಂದು ಪಿಕೋಮೀಟರ್ ಎಂದರೆ ಮಿಲಿಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.

ಕಡೆಯ ಎಲೆಕ್ಟ್ರಾನ್ ದೂರ ಹೋದಷ್ಟೂ ಅದನ್ನು ಕಿತ್ತುಕೊಳ್ಳುವುದು ಸುಲಭ. ಹೀಗೆ ಕೀಳಲು ಬೇಕಾದ ಶಕ್ತಿಗೆ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಹೆಚ್ಚಿಗೆ ಪಡೆದ ಪರಮಾಣುವೇ ಅಯಾನು. ಒಂದು ಮೋಲ್‌ಗೆ, ಅಂದರೆ ಒಂದು ನಿಗದಿತ ಸಂಖ್ಯೆಯ ಪರಮಾಣುಗಳಿಗೆ, ಲಿಥಿಯಂ 520 ಕಿಲೋಜೂಲ್ ಕೇಳುತ್ತದೆ. ಸೋಡಿಯಂ 496, ಪೊಟ್ಯಾಸಿಯಂ 419, ಸೀಸಿಯಂ ಬರೀ 376.

ನೀರಿಗೆ ಹಾಕಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಿಥಿಯಂ ತೇಲುತ್ತಾ ಗುಳ್ಳೆ ಬಿಡುತ್ತದೆ. ಸೋಡಿಯಂ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ನೇರಳೆ ಉರಿ ಹೊತ್ತಿಕೊಳ್ಳುತ್ತದೆ. ಸೀಸಿಯಂ ಸಿಡಿಯುತ್ತದೆ. (ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಅಲ್ಲವೇ ಅಲ್ಲ.) ಲೋಹದೊಳಗೆ ಪರಮಾಣುಗಳ ನಡುವಿನ ಹಿಡಿತವೂ ಸಡಿಲವಾಗುತ್ತಾ ಹೋಗುತ್ತದೆ. ಲಿಥಿಯಂ ಕರಗಲು 180 ಡಿಗ್ರಿ ಸೆಲ್ಸಿಯಸ್ ಬೇಕು, ಸೋಡಿಯಂಗೆ 98 ಸಾಕು. ಸೀಸಿಯಂಗೆ 28.5 ಸಾಕು, ಅಂದರೆ ರಾಯಚೂರಿನ ಬೇಸಿಗೆಯಲ್ಲಿ ಅದು ದ್ರವವಾಗಿಯೇ ಇರುತ್ತದೆ.

ಈ ಅಂಕಿಗಳನ್ನು ಹಿಡಿದು ನಕ್ಷತ್ರದವರೆಗೆ ಹೋದವರು ನಮ್ಮ ಭೌತವಿಜ್ಞಾನಿ ಮೇಘನಾದ ಸಾಹಾ. ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಬೇಕಾದಷ್ಟು ಧಾತುಗಳ ಗುರುತಿನ ಗೆರೆಗಳು ಕಾಣುತ್ತವೆ, ಆದರೆ ರುಬಿಡಿಯಂ ಮತ್ತು ಸೀಸಿಯಂ ಗೆರೆಗಳು ಕಾಣುತ್ತಿರಲಿಲ್ಲ. 1920ರಲ್ಲಿ ಸಾಹಾ ಕಾರಣ ಕೊಟ್ಟರು. ಈ ಎರಡರ ಅಯಾನೀಕರಣ ಶಕ್ತಿ ಅಷ್ಟು ಕಡಿಮೆ ಇರುವುದರಿಂದ ಸೂರ್ಯನ ಬಿಸಿಗೆ ಅವು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ, ನಾವು ಹುಡುಕುವ ಗೆರೆ ಅಲ್ಲಿರುವುದಿಲ್ಲ. ಸ್ವಲ್ಪ ತಣ್ಣಗಿರುವ ಸೂರ್ಯನ ಕಲೆಗಳಲ್ಲಿ ಹುಡುಕಿ ಎಂದರು. ಹುಡುಕಿದಾಗ ರುಬಿಡಿಯಂ ಸಿಕ್ಕಿತು.

## ಎಡದಿಂದ ಬಲಕ್ಕೆ

ಈಗ ಅಡ್ಡ ಸಾಲಿನಲ್ಲಿ ನಡೆಯೋಣ. ಸೋಡಿಯಂನಿಂದ ಕ್ಲೋರಿನ್ ಕಡೆಗೆ ಹೋಗುವಾಗ ಎಲೆಕ್ಟ್ರಾನ್‌ಗಳು 11ರಿಂದ 17ಕ್ಕೆ ಏರುತ್ತವೆ. ಪರಮಾಣು ದೊಡ್ಡದಾಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಸೋಡಿಯಂನ ತ್ರಿಜ್ಯ 186, ಮೆಗ್ನೀಸಿಯಂ 160, ಅಲ್ಯೂಮಿನಿಯಂ 143, ಹೀಗೆ ಇಳಿಯುತ್ತಾ ಕ್ಲೋರಿನ್ ಹೊತ್ತಿಗೆ 99.

ಕಾರಣ ಇದು. ಹೊಸದಾಗಿ ಬಂದ ಎಲೆಕ್ಟ್ರಾನ್‌ಗಳೆಲ್ಲ ಅದೇ ಕಡೆಯ ಸಾಲಿನಲ್ಲಿ ಕೂರುತ್ತವೆ, ಹೊಸ ಸಾಲು ಹುಟ್ಟುವುದಿಲ್ಲ. ಅಕ್ಕಪಕ್ಕ ಕೂತವರ ತಲೆ ಒಬ್ಬರಿಗೊಬ್ಬರಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಅತ್ತ ನ್ಯೂಕ್ಲಿಯಸ್‌ನಲ್ಲಿ ಪ್ರತಿ ಹೆಜ್ಜೆಗೂ ಒಂದು ಪ್ರೋಟಾನ್ ಸೇರಿ ಎಳೆತ ಜೋರಾಗುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ, ಸೋಡಿಯಂನ 11 ಪ್ರೋಟಾನ್‌ಗಳಿಗೆ ಒಳಗಿನ 10 ಎಲೆಕ್ಟ್ರಾನ್ ಅಡ್ಡ ನಿಂತರೆ ಹೊರಗಿನದಕ್ಕೆ ತಾಕುವುದು ಸುಮಾರು ಒಂದರ ಎಳೆತ. ಕ್ಲೋರಿನ್‌ನಲ್ಲಿ 17ಕ್ಕೆ ಅದೇ 10 ಅಡ್ಡ, ಹಾಗಾಗಿ ಏಳರಷ್ಟು ಎಳೆತ. ನಿಖರ ಲೆಕ್ಕ ಸ್ವಲ್ಪ ಬೇರೆ, ದಿಕ್ಕು ಮಾತ್ರ ಇದೇ.

ಹಿಡಿತ ಬಿಗಿಯಾದಷ್ಟೂ ಎಲೆಕ್ಟ್ರಾನ್ ಕೀಳುವುದು ಕಷ್ಟ. ಸೋಡಿಯಂನಲ್ಲಿ 496 ಕಿಲೋಜೂಲ್ ಇದ್ದದ್ದು ಕ್ಲೋರಿನ್‌ನಲ್ಲಿ 1,251 ಆಗುತ್ತದೆ, ಸಾಲಿನ ಕೊನೆಯ ಆರ್ಗಾನ್‌ನಲ್ಲಿ 1,521. ಆರ್ಗಾನ್‌ನ ಕಡೆಯ ಸಾಲಿನಲ್ಲಿ ಎಂಟೂ ತುಂಬಿರುತ್ತದೆ. ಅದಕ್ಕೆ ಯಾರ ಹಂಗೂ ಬೇಡ, ಯಾರೊಡನೆಯೂ ಬೆರೆಯುವುದಿಲ್ಲ. ಮುಂದಿನ ಧಾತು ಪೊಟ್ಯಾಸಿಯಂಗೆ ಬಂದರೆ ಹೊಸ ಸಾಲು ಶುರು, ಶಕ್ತಿ ದಢಕ್ಕನೆ 419ಕ್ಕೆ ಬೀಳುತ್ತದೆ. ಹೀಗೆ ಏರುವುದು, ಬೀಳುವುದು, ಮತ್ತೆ ಏರುವುದು. ಆವರ್ತಕ ಎನ್ನುವುದು ಇದಕ್ಕೇ.

ಸೋಡಿಯಂನಿಂದ ಎರಡನೇ ಎಲೆಕ್ಟ್ರಾನ್ ಕೀಳಲು ಹೋದರೆ 4,562 ಕಿಲೋಜೂಲ್ ಬೇಕು, ಮೊದಲನೆಯದರ ಒಂಬತ್ತು ಪಟ್ಟು. ಅದು ಒಳಸಾಲಿನದು. ಅದಕ್ಕೇ ಸೋಡಿಯಂ ಯಾವಾಗಲೂ ಒಂದೇ ಎಲೆಕ್ಟ್ರಾನ್ ಕೊಡುತ್ತದೆ. ಶಾಲೆಯಲ್ಲಿ ವೇಲೆನ್ಸಿ ಎಂದು ಉರು ಹೊಡೆದ ಸಂಖ್ಯೆಗಳ ಹಿಂದೆ ಇರುವುದು ಇಂಥ ಜಿಗಿತಗಳೇ.

ಬೇರೆಯವರ ಜತೆ ಹಂಚಿಕೊಂಡ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುವ ಗುಣಕ್ಕೆ ವಿದ್ಯುದೃಣತ್ವ ಎಂದು ಹೆಸರು. ಅಮೆರಿಕದ ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಟ್ಟರು. ಕೋಷ್ಟಕದ ಬಲ ಮೇಲ್ತುದಿಯ ಫ್ಲೋರಿನ್ ಸುಮಾರು 4, ಎಡ ಕೆಳತುದಿಯ ಬಳಿಯ ಸೀಸಿಯಂ 0.79. ಇಬ್ಬರ ನಡುವೆ ಅಂತರ ಜಾಸ್ತಿ ಇದ್ದರೆ ಹಂಚಿಕೆಯ ಮಾತೇ ಇಲ್ಲ, ಒಬ್ಬ ಪೂರ್ತಿ ಕಿತ್ತುಕೊಳ್ಳುತ್ತಾನೆ. ಸೋಡಿಯಂ ಮತ್ತು ಕ್ಲೋರಿನ್ ಸೇರಿ ಉಪ್ಪಾಗುವುದು ಹಾಗೆ. ಅಂತರ ಕಡಿಮೆ ಇದ್ದರೆ ಇಬ್ಬರೂ ಹಂಚಿಕೊಂಡು ಬಾಳುತ್ತಾರೆ.

ಎಡಗಡೆ ಎಲೆಕ್ಟ್ರಾನ್ ಬಿಡುವವರು, ಅವರೇ ಲೋಹಗಳು. ಬಲಗಡೆ ಎಳೆದುಕೊಳ್ಳುವವರು, ಅಲೋಹಗಳು. ನಡುವೆ ಓರೆಯಾಗಿ ಇಳಿಯುವ ಗಡಿಯ ಮೇಲೆ ಸಿಲಿಕಾನ್, ಜರ್ಮೇನಿಯಂ ಇವೆ. ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ಹಿಡಿಯುವುದೂ ಇಲ್ಲ. ಕರೆಂಟನ್ನು ಬೇಕೆಂದಾಗ ಹರಿಸಿ ಬೇಡವೆಂದಾಗ ನಿಲ್ಲಿಸಲು ಇಂಥವೇ ಬೇಕು. 1947ರ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂನದು, ಇಂದಿನ ಚಿಪ್‌ಗಳು ಬಹುಪಾಲು ಸಿಲಿಕಾನ್‌ನವು. ಎರಡೂ ಒಂದೇ ಗುಂಪಿನವು, ಒಂದರ ಕೆಳಗೆ ಒಂದು.

ಯಾರೊಡನೆಯೂ ಬೆರೆಯದ ಜಡ ಅನಿಲಗಳ ಗುಂಪಿನಲ್ಲೂ ಕೆಳಗೆ ಇಳಿದರೆ ಹಿಡಿತ ಸಡಿಲವಾಗಲೇಬೇಕಲ್ಲ? 1962ರಲ್ಲಿ ಕೆನಡಾದಲ್ಲಿದ್ದ ನೀಲ್ ಬಾರ್ಟ್‌ಲೆಟ್ ಹೀಗೇ ಯೋಚಿಸಿದರು. ಪ್ಲಾಟಿನಂ ಮತ್ತು ಫ್ಲೋರಿನ್‌ನ ಒಂದು ಸಂಯುಕ್ತ ಆಕ್ಸಿಜನ್ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಅವರು ನೋಡಿದ್ದರು. ಜಡ ಅನಿಲ ಕ್ಸೆನಾನ್‌ನ ಅಯಾನೀಕರಣ ಶಕ್ತಿ ಹೆಚ್ಚುಕಡಿಮೆ ಆಕ್ಸಿಜನ್ ಅಣುವಿನಷ್ಟೇ ಇದೆ ಎಂದು ಹೊಳೆಯಿತು. ಆ ಸಂಯುಕ್ತವನ್ನು ಕ್ಸೆನಾನ್ ಜತೆ ಬೆರೆಸಿದರು, ಹಳದಿ–ಕಿತ್ತಳೆ ಬಣ್ಣದ ಪುಡಿ ಬಂತು. ಜಡ ಅನಿಲ ಸಂಯುಕ್ತ ಆಗುವುದೇ ಇಲ್ಲ ಎನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

## ಹಾಗಾದರೆ ಬ್ಯಾಟರಿಗೆ ಸೀಸಿಯಂ ಯಾಕಲ್ಲ?

ಬ್ಯಾಟರಿ ಎಂದರೆ ಎಲೆಕ್ಟ್ರಾನ್ ಸುಲಭವಾಗಿ ಬಿಡುವವರ ಕೆಲಸ. ಸೀಸಿಯಂ ಎಲ್ಲರಿಗಿಂತ ಸುಲಭವಾಗಿ ಬಿಡುತ್ತದೆ. ಲಿಥಿಯಂ ಅದೇ ಗುಂಪಿನಲ್ಲಿ ಎಲ್ಲರಿಗಿಂತ ಬಿಗಿ. ಮತ್ತೆ ಲಿಥಿಯಂ ಯಾಕೆ?

ಅಯಾನೀಕರಣ ಶಕ್ತಿ ಒಂಟಿ ಪರಮಾಣುವಿನ ಲೆಕ್ಕ. ಬ್ಯಾಟರಿಯಲ್ಲಿ ಅಯಾನು ದ್ರವದೊಳಗೆ ಇಳಿಯುತ್ತದೆ. ದ್ರವದ ಅಣುಗಳು ಅದನ್ನು ಸುತ್ತುವರಿದು ಹಿಡಿಯುತ್ತವೆ, ಆಗ ಶಕ್ತಿ ಬಿಡುಗಡೆಯಾಗುತ್ತದೆ. ಅಯಾನು ಚಿಕ್ಕದಾದಷ್ಟೂ ಅಣುಗಳು ಹತ್ತಿರ ಬರುತ್ತವೆ, ಶಕ್ತಿಯೂ ಜಾಸ್ತಿ. ನೀರಿನಲ್ಲಿ ಲಿಥಿಯಂ ಅಯಾನು ಹೀಗೆ ಕೊಡುವುದು ಸುಮಾರು 520 ಕಿಲೋಜೂಲ್, ಸೋಡಿಯಂ ಸುಮಾರು 400. ಕಳೆದುಕೊಂಡದ್ದನ್ನು ಲಿಥಿಯಂ ಇಲ್ಲಿ ಮರಳಿ ಗಳಿಸಿಬಿಡುತ್ತದೆ. ಕೊನೆಗೆ ಒಟ್ಟು ವೋಲ್ಟೇಜ್ ನೋಡಿದರೆ ಲಿಥಿಯಂ ಮೈನಸ್ 3.04, ಸೋಡಿಯಂ ಮೈನಸ್ 2.71. ಈ ಅಳತೆಯಲ್ಲಿ ಮೈನಸ್ ಹೆಚ್ಚಿದ್ದಷ್ಟೂ ಎಲೆಕ್ಟ್ರಾನ್ ಬಿಡುವ ತವಕ ಹೆಚ್ಚು. ಸೀಸಿಯಂ ಹೆಚ್ಚುಕಡಿಮೆ ಲಿಥಿಯಂನಷ್ಟೇ ಇದೆ.

ಆಮೇಲೆ ತೂಕ. ಒಂದು ಎಲೆಕ್ಟ್ರಾನ್ ಕೊಡಲು ಲಿಥಿಯಂ 7ರಷ್ಟು ತೂಕ ಹೊರಬೇಕು, ಸೋಡಿಯಂ 23, ಸೀಸಿಯಂ 133. ಸ್ಕೂಟರಿನ ಮೇಲೆ ಸೀಸಿಯಂ ಹೊತ್ತುಕೊಂಡು ಹೋಗುವ ಮಾತೇ ಇಲ್ಲ. ಸೀಸಿಯಂ ಅಪರೂಪದ್ದೂ ಹೌದು.

ಸೋಡಿಯಂಗೆ ಇರುವ ದೊಡ್ಡ ಅನುಕೂಲ ಅದು ಎಲ್ಲೆಲ್ಲೂ ಸಿಗುವುದು. ಭೂಮಿಯ ಹೊರಪದರದಲ್ಲಿ ಅದರ ಪಾಲು ಶೇಕಡಾ ಎರಡಕ್ಕೂ ಜಾಸ್ತಿ, ಲಿಥಿಯಂನದು ಹತ್ತು ಲಕ್ಷಕ್ಕೆ ಸುಮಾರು 20 ಭಾಗ. ಇನ್ನೊಂದು ಉಳಿತಾಯವೂ ಇದೆ. ಲಿಥಿಯಂ ಅಲ್ಯೂಮಿನಿಯಂ ಜತೆ ಸೇರಿ ಮಿಶ್ರಲೋಹ ಆಗುತ್ತದೆ, ಹಾಗಾಗಿ ಬ್ಯಾಟರಿಯ ಒಂದು ಕಡೆ ತಾಮ್ರದ ಹಾಳೆಯೇ ಬೇಕು. ಸೋಡಿಯಂಗೆ ಆ ತಕರಾರಿಲ್ಲ, ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಹಾಳೆ ನಡೆಯುತ್ತದೆ.

ತೊಡಕು ಬರುವುದು ಗ್ರಾಫೈಟ್‌ನಲ್ಲಿ, ಅಂದರೆ ಪದರ ಪದರವಾಗಿರುವ ಇಂಗಾಲದಲ್ಲಿ. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ನುಗ್ಗಿ ಕೂರುತ್ತವೆ. ಸೋಡಿಯಂ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅದು ದಪ್ಪ, ಅದಕ್ಕೇ ನುಗ್ಗುವುದಿಲ್ಲ ಎಂಬ ವಿವರಣೆ ಅನೇಕ ಕಡೆ ಓದಲು ಸಿಗುತ್ತದೆ. ಅಯಾನಿನ ತ್ರಿಜ್ಯ 76ರಿಂದ 102 ಪಿಕೋಮೀಟರ್‌ಗೆ ಏರುವುದೇನೋ ನಿಜ. ಆದರೆ ಇನ್ನೂ ದಪ್ಪಗಿರುವ ಪೊಟ್ಯಾಸಿಯಂ ಗ್ರಾಫೈಟ್‌ನಲ್ಲಿ ಚೆನ್ನಾಗಿಯೇ ಕೂರುತ್ತದೆ! ಸೋಡಿಯಂ ಮತ್ತು ಗ್ರಾಫೈಟ್ ನಡುವಿನ ನಂಟೇ ದುರ್ಬಲ, ಗಾತ್ರ ಒಂದನ್ನೇ ದೂರಿ ಉಪಯೋಗವಿಲ್ಲ. ಅದಕ್ಕೆ ಅಸ್ತವ್ಯಸ್ತ ಪದರಗಳಿರುವ ಬೇರೆ ಬಗೆಯ ಇಂಗಾಲ ಬಳಸುತ್ತಾರೆ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲಿ ತನ್ನ ಮೊದಲ ಸೋಡಿಯಂ ಬ್ಯಾಟರಿ ಪ್ರಕಟಿಸಿದಾಗಲೂ ಅದೇ ದಾರಿ ಹಿಡಿದಿತ್ತು.

## ದೇಹ ಮೋಸ ಹೋಗುವ ಬಗೆ

ಒಂದೇ ಗುಂಪಿನ ಧಾತುಗಳು ಒಂದನ್ನೊಂದು ಹೋಲುತ್ತವೆ ಎನ್ನುವುದು ಬ್ಯಾಟರಿಗೆ ಅನುಕೂಲ, ದೇಹಕ್ಕೆ ಕೆಲವೊಮ್ಮೆ ಅಪಾಯ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ವಿಕಿರಣ ಸೂಸುವ ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಗಾಳಿಗೆ ಬಿದ್ದವು. ಸೀಸಿಯಂ ಇರುವುದು ಪೊಟ್ಯಾಸಿಯಂ ಗುಂಪಿನಲ್ಲಿ. ಗಿಡಗಳೂ ನಮ್ಮ ಸ್ನಾಯುಗಳೂ ಅದನ್ನು ಪೊಟ್ಯಾಸಿಯಂ ಎಂದೇ ಎಣಿಸಿ ಒಳಗೆ ಬಿಟ್ಟುಕೊಳ್ಳುತ್ತವೆ. ಸ್ಟ್ರಾನ್ಷಿಯಂ ಇರುವುದು ಕ್ಯಾಲ್ಸಿಯಂ ಕೆಳಗೆ, ಅದು ಹೋಗಿ ಮೂಳೆಯಲ್ಲಿ ಕೂರುತ್ತದೆ. ಆರ್ಸೆನಿಕ್ ಇರುವುದು ರಂಜಕದ ಕೆಳಗೆ. ಜೀವಕೋಶಗಳು ಶಕ್ತಿ ಕೂಡಿಡುವುದು ರಂಜಕ ಇರುವ ಅಣುಗಳಲ್ಲಿ. ಅಲ್ಲಿಗೆ ಆರ್ಸೆನಿಕ್ ನುಸುಳಿದರೆ ಆ ವ್ಯವಸ್ಥೆಯೇ ಕೆಡುತ್ತದೆ. ಅದು ವಿಷವಾಗುವುದಕ್ಕೆ ಇದೂ ಒಂದು ಕಾರಣ.

ಲಿಥಿಯಂ ಮಾತ್ರೆ ಮನೋವೈದ್ಯರು ಬರೆದುಕೊಡುವ ಹಳೆಯ ಔಷಧಿ. ಮೂತ್ರಪಿಂಡ ಲಿಥಿಯಂ ಅನ್ನು ಬಹುಮಟ್ಟಿಗೆ ಸೋಡಿಯಂ ಥರವೇ ನೋಡುತ್ತದೆ. ಊಟದಲ್ಲಿ ಉಪ್ಪು ಏಕಾಏಕಿ ಕಡಿಮೆಯಾದರೆ ದೇಹ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಈ ಮಾತ್ರೆ ತೆಗೆದುಕೊಳ್ಳುವವರು ತಮ್ಮಷ್ಟಕ್ಕೇ ಉಪ್ಪು ಬಿಡಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ.

## ನಿಯಮ ತಪ್ಪುವ ಕಡೆ

ಬಲಕ್ಕೆ ಹೋದಂತೆ ಅಯಾನೀಕರಣ ಶಕ್ತಿ ಏರುತ್ತದೆ ಎಂದೆವು. ಆದರೆ ನೈಟ್ರೋಜನ್ 1,402 ಇದ್ದರೆ ಪಕ್ಕದ ಆಕ್ಸಿಜನ್ 1,314. ನೈಟ್ರೋಜನ್‌ನಲ್ಲಿ ಹೊರಗಿನ ಮೂರು ಎಲೆಕ್ಟ್ರಾನ್‌ಗಳು ಮೂರು ಬೇರೆ ಬೇರೆ ಜಾಗದಲ್ಲಿ ಒಂಟಿಯಾಗಿ ಇರುತ್ತವೆ. ಆಕ್ಸಿಜನ್‌ನಲ್ಲಿ ನಾಲ್ಕನೆಯದು ಯಾರದೋ ಜತೆ ಜಾಗ ಹಂಚಿಕೊಳ್ಳಬೇಕು. ಎರಡು ಋಣಗಳು ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಒಂದನ್ನು ಹೊರಗೆ ತೆಗೆಯುವುದು ಸ್ವಲ್ಪ ಸುಲಭ.

ಗ್ಯಾಲಿಯಂ ಅಲ್ಯೂಮಿನಿಯಂಗಿಂತ ಒಂದು ಸಾಲು ಕೆಳಗಿದ್ದರೂ ಗಾತ್ರದಲ್ಲಿ ದೊಡ್ಡದಾಗಿಲ್ಲ. ಎರಡರ ಅಯಾನೀಕರಣ ಶಕ್ತಿಯೂ ಹೆಚ್ಚುಕಡಿಮೆ ಒಂದೇ, 578ರ ಆಸುಪಾಸು. ಗ್ಯಾಲಿಯಂಗೆ ಬರುವ ಮೊದಲು ಕೋಷ್ಟಕದಲ್ಲಿ ಹತ್ತು ಲೋಹಗಳು ನಡುವೆ ತೂರಿಕೊಂಡಿವೆ. ಅವುಗಳನ್ನು ದಾಟುವಾಗ ಒಳಗೆ ಸೇರಿಕೊಂಡ ಹತ್ತು ಎಲೆಕ್ಟ್ರಾನ್‌ಗಳು ಅಡ್ಡ ನಿಲ್ಲುವ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ, ಎಳೆತ ಹೊರಗೆ ತಾಕುತ್ತದೆ.

ಇನ್ನೂ ಸೊಗಸಾದ ತಪ್ಪು ಚಿನ್ನದ್ದು. ತಾಮ್ರ 745, ಬೆಳ್ಳಿ 731, ಅದರ ಕೆಳಗೆ ಚಿನ್ನ ಇನ್ನೂ ಇಳಿಯಬೇಕಿತ್ತು. ಅದು 890ಕ್ಕೆ ಏರಿ ಕೂತಿದೆ. 79 ಪ್ರೋಟಾನ್‌ಗಳ ಎಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ದಾಟುತ್ತದೆ. ಅಷ್ಟು ವೇಗದಲ್ಲಿ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದ ಪರಿಣಾಮ ಶುರುವಾಗುತ್ತದೆ. ಆಗ ನ್ಯೂಕ್ಲಿಯಸ್‌ನ ಹತ್ತಿರ ಸುಳಿಯುವ ಎಲೆಕ್ಟ್ರಾನ್‌ಗಳು ಇನ್ನಷ್ಟು ಒಳಕ್ಕೆ ಸೆಳೆಯಲ್ಪಡುತ್ತವೆ. ಕಡೆಯ ಸಾಲಿನದೂ ಅದರಲ್ಲಿ ಸೇರಿದೆ. ಚಿನ್ನ ತನ್ನ ಎಲೆಕ್ಟ್ರಾನ್ ಬಿಡದಿರುವುದು, ಅದಕ್ಕೆ ತುಕ್ಕು ಹಿಡಿಯದಿರುವುದು, ಹಟ್ಟಿಯ ಬಿಳಿಗಲ್ಲಿನಲ್ಲೂ ಅದು ಲೋಹವಾಗಿಯೇ ಸಿಗುವುದು ಇದೇ ಬಿಗಿತದಿಂದ. ಹಳದಿ ಬಣ್ಣಕ್ಕೂ ಈ ಪರಿಣಾಮವೇ ಕಾರಣ, ಇಲ್ಲದಿದ್ದರೆ ಅದು ಬೆಳ್ಳಿಯ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ಪಾದರಸ ದ್ರವವಾಗಿರುವುದರ ಹಿಂದೆಯೂ ಇದು ಇದೆ.

ಕೆಳಗೆ ಹೋದಷ್ಟೂ ಈ ಪರಿಣಾಮ ಜೋರು. ಏಳನೇ ಸಾಲು 118ನೇ ಧಾತು ಒಗನೆಸ್ಸಾನ್‌ಗೆ ತುಂಬಿತು, 2016ರಲ್ಲಿ ಅದಕ್ಕೆ ಹೆಸರೂ ಬಂತು. ಜಡ ಅನಿಲಗಳ ಗುಂಪಿನಲ್ಲಿ ಕೂತಿದ್ದರೂ ಅದು ಅನಿಲವಾಗಿರಲಾರದು ಎನ್ನುತ್ತವೆ ಲೆಕ್ಕಾಚಾರಗಳು. 119ನೆಯದನ್ನು ಮಾಡುವ ಪ್ರಯತ್ನ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ನಡೆದಿದೆ. ಅದು ಬಂದರೆ ಎಂಟನೇ ಸಾಲು ಶುರುವಾಗುತ್ತದೆ, ಲಿಥಿಯಂ ಗುಂಪಿನ ಬುಡದಲ್ಲಿ ಅದಕ್ಕೆ ಜಾಗ. ನಮ್ಮ ನಿಯಮದ ಪ್ರಕಾರ ಅದು ಸೀಸಿಯಂಗಿಂತಲೂ ಸುಲಭವಾಗಿ ಎಲೆಕ್ಟ್ರಾನ್ ಬಿಡಬೇಕು. ಸಾಪೇಕ್ಷತೆಯ ಲೆಕ್ಕದ ಪ್ರಕಾರ ಸೀಸಿಯಂಗಿಂತ ಬಿಗಿಯಾಗಿ ಹಿಡಿದುಕೊಳ್ಳಬೇಕು.